ಸಾಫ್ಟ್‌ವೇರ್ ಒಂದೇ, ಕೇಳುವವರು ಬೇರೆ

ಜರ್ಮನಿಗೆ ಬಂದ ಹೊಸದರಲ್ಲಿ ನನ್ನ ತಾಳ್ಮೆ ಕೆಡಿಸಿದ್ದು ಆಫೀಸಿನ ಆಮೆ ನಡಿಗೆ. ಹಾಜರಿ, ರಜೆ, ಅಪ್ರೈಸಲ್ ಎಲ್ಲಕ್ಕೂ ಸೇರಿ ಒಂದು ಹೊಸ ಸಾಫ್ಟ್‌ವೇರ್ ಕೊಂಡಿದ್ದರು. ತಿಂಗಳುಗಟ್ಟಲೆ ಅದು ಹಾಗೇ ಬಿದ್ದಿತ್ತು. ಯಾಕೆಂದು ಕೇಳಿದರೆ, "ಬೆಟ್ರೀಬ್ಸ್‌ರಾಟ್ ಇನ್ನೂ ಒಪ್ಪಿಲ್ಲ" ಎನ್ನುತ್ತಿದ್ದರು. ಅಂದರೆ ನೌಕರರೇ ಆರಿಸಿ ಕೂರಿಸಿದ ಮಂಡಳಿ. ಭಾರತದಲ್ಲಿದ್ದಾಗ ನಾನು ಕಂಡದ್ದು ಬೇರೆ: ಶುಕ್ರವಾರ ಸಂಜೆ ಒಂದು ಇಮೇಲ್, ಸೋಮವಾರ ಬೆಳಿಗ್ಗೆ ಹೊಸ ಪೋರ್ಟಲ್, ಹಳೇ ಪಾಸ್‌ವರ್ಡ್ ನಡೆಯುವುದಿಲ್ಲ. ಅಷ್ಟೇ.

ವೇಗದ ವಿಷಯದಲ್ಲಿ ನಮ್ಮವರನ್ನು ಮೆಚ್ಚಲೇಬೇಕು. 2014ರಲ್ಲಿ ಪಿಎಫ್‌ಗೆ ಯುಎಎನ್ ಎಂಬ ಒಂದೇ ಖಾಯಂ ನಂಬರ್ ಬಂದ ಮೇಲೆ ಕೆಲಸ ಬದಲಿಸಿದಾಗಲೆಲ್ಲ ಹೊಸ ನಂಬರ್ ಹಿಡಿದು ಅಲೆಯುವ ಗೋಳು ಬಹಳಷ್ಟು ತಗ್ಗಿತು. ಇಲ್ಲಿಯೋ, ಜ್ವರ ಬಂದು ರಜೆ ಹಾಕಿದರೆ ವೈದ್ಯರು ಕೊಟ್ಟ ಕಾಗದದ ಚೀಟಿಯನ್ನು ಕಂಪನಿಗೆ ಮುಟ್ಟಿಸಬೇಕಿತ್ತು. ಬಹುಪಾಲು ನೌಕರರ ಮಟ್ಟಿಗೆ, 2023ರ ಜನವರಿಯಿಂದಷ್ಟೇ ಕಂಪನಿಯವರು ಅದನ್ನು ಆರೋಗ್ಯ ವಿಮಾ ಸಂಸ್ಥೆಯಿಂದ ಆನ್‌ಲೈನಿನಲ್ಲಿ ತಾವೇ ಪಡೆಯತೊಡಗಿದರು.

ಆದರೆ ಆ ಮಂಡಳಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ನೌಕರರ ನಡವಳಿಕೆ, ಕೆಲಸದ ಮೇಲೆ ಕಣ್ಣಿಡುವ ಯಾವುದೇ ತಾಂತ್ರಿಕ ಸಾಧನ ತರಲು ಮಂಡಳಿಯ ಒಪ್ಪಿಗೆ ಬೇಕು ಎನ್ನುತ್ತದೆ 1972ರ ಕಾನೂನು (ಅದರ ಜರ್ಮನ್ ಹೆಸರು ನಾಲಿಗೆಗೆ ಹತ್ತಲು ನನಗೆ ಎರಡು ವರ್ಷ ಬೇಕಾಯಿತು). ಕಣ್ಣಿಡುವ ಉದ್ದೇಶವೇ ಇರಬೇಕೆಂದಿಲ್ಲ, ಸಾಧ್ಯತೆ ಇದ್ದರೂ ಸಾಕು ಎಂದು ಕೋರ್ಟುಗಳು ಅರ್ಥೈಸಿವೆ. ಮೇಜಿಗೊಂದು ಕಂಪ್ಯೂಟರ್ ಬರುವ ಮುಂಚಿನ ಕಾನೂನು ಇವತ್ತಿನ ಆ್ಯಪ್‌ಗಳಿಗೂ ಕಡಿವಾಣ! ಎಲ್ಲ ಕಂಪನಿಯಲ್ಲೂ ಮಂಡಳಿ ಇರುವುದಿಲ್ಲ, ನಿಜ. ನಮ್ಮಲ್ಲಿ ಇತ್ತು. ಕೀಬೋರ್ಡ್ ಮುಟ್ಟದೆ ಎಷ್ಟು ನಿಮಿಷ ಕಳೆದರು ಎಂದು ಎಣಿಸುವ ಒಂದು ಕಾಲಂ ಆ ಸಾಫ್ಟ್‌ವೇರ್‌ನಲ್ಲಿತ್ತು. ಅದನ್ನು ತೆಗೆಸಿದ ಮೇಲೆಯೇ ಸಹಿ ಬಿತ್ತು. ತಡವಾದದ್ದು ಇದಕ್ಕೆ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ತೆರೆದು ನೋಡಿದೆ. ಅದರ 7ನೇ ಸೆಕ್ಷನ್ನಿನ ಪ್ರಕಾರ ಉದ್ಯೋಗದ ಉದ್ದೇಶಗಳಿಗೆ ನೌಕರರ ಮಾಹಿತಿ ಬಳಸಲು ಅವರ ಸಮ್ಮತಿಯೇ ಬೇಕಿಲ್ಲ. ಸಂಬಳ ಹಾಕಲು ಪ್ರತಿ ತಿಂಗಳೂ ಸಮ್ಮತಿ ಕೇಳುತ್ತ ಕೂರಲಾಗದು, ಒಪ್ಪುತ್ತೇನೆ. ಆದರೆ 'ಉದ್ಯೋಗದ ಉದ್ದೇಶ' ಎಲ್ಲಿಗೆ ಮುಗಿಯುತ್ತದೆ ಎಂದು ನೌಕರನ ಪರವಾಗಿ ಕೇಳುವವರು ನಾನು ಅಲ್ಲಿ ದುಡಿದ ಕಡೆ ಯಾರೂ ಇರಲಿಲ್ಲ.

ಅಲ್ಲಿನ ಹಳೆಯ ಸಹೋದ್ಯೋಗಿಯೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಅಪ್ರೈಸಲ್‌ನಲ್ಲಿ ಈ ಸಲ ಅವರ ಅಂಕ ಇಳಿದಿದೆ. ಸಿಸ್ಟಂ ಕೊಟ್ಟ ಅಂಕ, ಮ್ಯಾನೇಜರ್‌ಗೂ ಕಾರಣ ಗೊತ್ತಿಲ್ಲ. ಮೊದಲಾದರೆ ಎಚ್‌ಆರ್‌ನವರ ಕ್ಯಾಬಿನ್ನಿಗೆ ಹೋಗಿ ಜಗಳವಾದರೂ ಆಡಬಹುದಿತ್ತು. ಈಗ ಆನ್‌ಲೈನಿನಲ್ಲಿ ದೂರು, ಅಂದರೆ ಟಿಕೆಟ್, ಹಾಕಬೇಕು. ಹಾಕಿದರಂತೆ. ಎರಡು ದಿನಕ್ಕೆ "ನಿಮ್ಮ ಸಮಸ್ಯೆ ಪರಿಹಾರವಾಗಿದೆ" ಎಂಬ ಸಂದೇಶ ಬಂತು, ಜೊತೆಗೆ ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಪ್ರಶ್ನೆ.