ಬಿಟ್ಟಿದೇವನಿಗೊಂದು ನಮೂನೆ 1

ಹಾಸನದ ಯಾವುದಾದರೂ ಸರ್ಕಾರಿ ಕಚೇರಿಯ ನೋಟಿಸ್ ಬೋರ್ಡ್ ಮುಂದೆ ಐದು ನಿಮಿಷ ನಿಂತು ನೋಡಿ. ಗಾಜಿನ ಬಾಗಿಲು, ಅದಕ್ಕೊಂದು ಬೆರಳುದ್ದದ ಬೀಗ. ಬೀಗದ ಕೈ ಇರುವುದು ರಜೆ ಹಾಕಿರುವ ಗುಮಾಸ್ತರ ಜೇಬಿನಲ್ಲಿ. ಒಳಗೆ ಅವಧಿ ಮುಗಿದ ಟೆಂಡರು, ಬಣ್ಣ ಮಾಸಿದ ಮತದಾರರ ಪಟ್ಟಿಯ ವೇಳಾಪಟ್ಟಿ, ವರ್ಗವಾಗಿ ಹೋಗಿರುವ ಮಾಹಿತಿ ಅಧಿಕಾರಿಯ ಹೆಸರು. ಬೆಳೆ ಪರಿಹಾರದ ಪಟ್ಟಿಯನ್ನು ಅಲ್ಲಿ ಅಂಟಿಸಿದರೆ ಪರಿಹಾರ ಬರಬೇಕಾದವನ ಕಣ್ಣಿಗೂ ಅದು ಬೀಳುವುದಿಲ್ಲ. ಆದರೆ ಅದೇ ಗಾಜಿನ ಹಿಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಹೆಸರಿರುವ ಒಂದು ಹಾಳೆ ಬೀಳಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಅರಕಲಗೂಡು ದಾಟಿರುತ್ತದೆ.

'ಯಾರ ಮಗಳಂತೆ?'

'ಸಕಲೇಶಪುರದ ಕಡೆಯೋರಂತೆ ಕಣಣ್ಣ. ಹುಡುಗನ ಹೆಸರು ಓದು, ಗೊತ್ತಾಯ್ತದೆ.'

ಗೊತ್ತಾಗುತ್ತದೆ, ನಿಜ. 1954ರ ವಿಶೇಷ ವಿವಾಹ ಕಾಯ್ದೆಯ ನೋಟಿಸ್ ನಮೂನೆಯಲ್ಲಿ ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಅಲ್ಲಿ ಎಷ್ಟು ದಿನದಿಂದ ವಾಸ, ಅವಿವಾಹಿತರೋ ವಿಧುರರೋ ವಿಚ್ಛೇದಿತರೋ ಎಂಬ ಕಾಲಂಗಳೆಲ್ಲ ಇವೆ. ಧರ್ಮದ ಕಾಲಂ ಮಾತ್ರ ಇಲ್ಲ. ಕಾಯ್ದೆ ಬರೆದವರು ಅಷ್ಟು ಜಾತ್ಯತೀತರು. ಆ ಕಾಲಂ ತುಂಬುವ ಕೆಲಸವನ್ನು ಎದುರಿನ ಟೀ ಅಂಗಡಿಗೆ ಬಿಟ್ಟುಕೊಟ್ಟಿದ್ದಾರೆ.

ಇಬ್ಬರು ವಯಸ್ಕರು ತಮ್ಮ ತಮ್ಮ ಧರ್ಮ ಬಿಡದೆ, ಪುರೋಹಿತರೂ ಇಲ್ಲದೆ, ಸರ್ಕಾರದ ಎದುರೇ ಮದುವೆಯಾಗಲಿ ಎಂದು ಮಾಡಿದ ಕಾಯ್ದೆ ಇದು. ಇದರ ಅಜ್ಜ 1872ರ ಬ್ರಿಟಿಷ್ ಕಾಯ್ದೆ. ಆಗ ನೋಟಿಸ್ ಕೊಟ್ಟು 14 ದಿನ ಕಾದರೆ ಸಾಕಿತ್ತು, ಆದರೆ 'ನಾನು ಹಿಂದೂ ಅಲ್ಲ, ಮುಸಲ್ಮಾನನಲ್ಲ, ಕ್ರೈಸ್ತನಲ್ಲ' ಎಂದು ಸಾಲಾಗಿ ಬರೆದುಕೊಡಬೇಕಿತ್ತು. ಸ್ವತಂತ್ರ ಭಾರತ ಉದಾರವಾಯಿತು. ಧರ್ಮ ಬಿಡಬೇಡಪ್ಪ, ಇಟ್ಟುಕೋ, ಬದಲಿಗೆ ಇನ್ನೂ 16 ದಿನ ಹೆಚ್ಚಿಗೆ ಕಾಯಿ ಎಂದಿತು. ಒಟ್ಟು 30.

ಈ 30ಕ್ಕೂ ಮೊದಲು ಇನ್ನೊಂದು 30 ಇದೆ, ಬಹಳ ಜೋಡಿಗಳು ಎಡವುವುದು ಅಲ್ಲೇ. ನೋಟಿಸ್ ಕೊಡುವ ದಿನಕ್ಕೆ ಸರಿಯಾಗಿ, ಇಬ್ಬರಲ್ಲಿ ಒಬ್ಬರಾದರೂ ಅದೇ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ಹುಡುಗ ಬೆಂಗಳೂರಿನ ಪಿಜಿಯಲ್ಲಿ, ಹುಡುಗಿ ಮೈಸೂರಿನ ಹಾಸ್ಟೆಲಿನಲ್ಲಿ, ಆಧಾರ್ ಮಾತ್ರ ಹಾಸನದ್ದು ಎಂದಾದರೆ ಕೌಂಟರಿನಲ್ಲಿ ತಕರಾರು ಶುರು. ಅಲ್ಲ, ಬೆಂಗಳೂರಿನಲ್ಲೇ ನೋಟಿಸ್ ಕೊಡುತ್ತೇವೆ, ಊರಿಗೆ ತಿಳಿಯುವುದೇ ಬೇಡ ಎಂದುಕೊಂಡರೆ ಕಾಯ್ದೆ ಅದಕ್ಕೂ ಮದ್ದು ಅರೆದಿಟ್ಟಿದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದ್ದಾದರೆ ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗಿ ಅಲ್ಲೂ ಗೋಡೆಗೆ ಅಂಟಬೇಕು. ಊರು ಬಿಟ್ಟು ಓಡಬಹುದು, ಊರಿನ ಬೋರ್ಡನ್ನು ಬಿಟ್ಟು ಓಡಲಾಗದು.

ಆಮೇಲೆ ದಾಖಲೆ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರಿನಲ್ಲಿ ಹೆಸರಿನ ಮುಂದೆ, ಪ್ಯಾನಿನಲ್ಲಿ ಅಪ್ಪನ ಪೂರ್ತಿ ಹೆಸರು. ಮೂರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ ತನ್ನಿ ಎನ್ನುವುದು ಸರಿಯೇ. ಅದರ ಹಿಂದೆಯೇ 'ತಂದೆ ತಾಯಿ ಬಂದಿಲ್ವಾ? ಅವರದೊಂದು ಒಪ್ಪಿಗೆ ಪತ್ರ ಇದ್ದರೆ ಒಳ್ಳೇದು' ಎಂಬ ಮಾತು ಬಂದರೆ, ಆ ಪತ್ರ ಕಾಯ್ದೆಯ ಯಾವ ಮೂಲೆಯಲ್ಲೂ ಇಲ್ಲ ಎಂಬುದು ನೆನಪಿರಲಿ. ಅದು ಸೆಕ್ಷನ್ ಅಲ್ಲ, ಸಂಪ್ರದಾಯ. ಗಂಡಿಗೆ 21, ಹೆಣ್ಣಿಗೆ 18 ತುಂಬಿದ ಮೇಲೆ ಅಪ್ಪನ ಸಹಿಗೂ ಪಕ್ಕದ ಮನೆಯವರ ಸಹಿಗೂ ಕಾನೂನಿನ ಕಣ್ಣಲ್ಲಿ ಒಂದೇ ಬೆಲೆ. ಪಕ್ಕದ ಮನೆಯವರದು ಸ್ವಲ್ಪ ಹೆಚ್ಚೇ ಇರಬಹುದು, ಅವರು ಸಾಕ್ಷಿ ಹಾಕಬಹುದಲ್ಲ. ಸಾಕ್ಷಿಗಳು ಮೂವರು ಬೇಕು.

ಈಗ ಆಕ್ಷೇಪಣೆ. ಇದು ಈ ಕಾಯ್ದೆಯ ಮುಕುಟಮಣಿ. 7ನೇ ಸೆಕ್ಷನ್ ಪ್ರಕಾರ 'ಯಾವುದೇ ವ್ಯಕ್ತಿ' ಆಕ್ಷೇಪಿಸಬಹುದು. ಸಂಬಂಧಿಕನೇ ಆಗಬೇಕಿಲ್ಲ, ಪರಿಚಯವೂ ಬೇಕಿಲ್ಲ. ಖಾತೆ ಬದಲಾವಣೆಗೆಂದು ಬಂದು ಟೋಕನ್ ಹಿಡಿದು ಕೂತವನಿಗೆ ಹೊತ್ತು ಹೋಗದಿದ್ದರೆ ಅವನೂ ಆಗಬಹುದು. ಹಾಗೆಂದು ಬಾಯಿಗೆ ಬಂದದ್ದನ್ನು ಬರೆಯುವಂತಿಲ್ಲ. ಆಕ್ಷೇಪಣೆಗೆ ಕಾರಣ 4ನೇ ಸೆಕ್ಷನ್ನಿನೊಳಗೇ ಸಿಗಬೇಕು. ಇಬ್ಬರಲ್ಲೊಬ್ಬರಿಗೆ ಈಗಾಗಲೇ ಜೀವಂತ ಗಂಡನೋ ಹೆಂಡತಿಯೋ ಇರಬೇಕು, ಇಲ್ಲವೇ ಮಾನಸಿಕವಾಗಿ ಒಪ್ಪಿಗೆ ಕೊಡುವ ಸ್ಥಿತಿ ಇರಬಾರದು, ಇಲ್ಲವೇ ವಯಸ್ಸಾಗಿರಬಾರದು, ಇಲ್ಲವೇ ನಿಷೇಧಿತ ರಕ್ತಸಂಬಂಧವಾಗಿರಬೇಕು. ಮುಗಿಯಿತು. 'ಜಾತಿ ಬೇರೆ', 'ಧರ್ಮ ಬೇರೆ', 'ಊರಿನ ಮರ್ಯಾದೆ', 'ಹುಡುಗಿಯ ಅಜ್ಜಿಗೆ ಹುಷಾರಿಲ್ಲ' ಯಾವುದೂ ಅದರಲ್ಲಿಲ್ಲ. ಧರ್ಮ ಬೇರೆ ಎಂದು ಈ ಕಾಯ್ದೆಯಡಿ ಆಕ್ಷೇಪಿಸುವುದೆಂದರೆ ಬಸ್ ಸ್ಟ್ಯಾಂಡಿಗೆ ಹೋಗಿ ಇಲ್ಲಿ ಬಸ್ಸು ನಿಂತಿದೆ ಎಂದು ದೂರು ಕೊಟ್ಟಂತೆ.

ಆದರೂ ಕೊಡುತ್ತಾರೆ, ಕೊಟ್ಟರೆ ಕೆಲಸವೂ ಆಗುತ್ತದೆ. ಆಕ್ಷೇಪಣೆಯನ್ನು ಅಧಿಕಾರಿ ನೋಟಿಸ್ ಪುಸ್ತಕದಲ್ಲಿ ಬರೆದುಕೊಂಡು, ಆಕ್ಷೇಪಿಸಿದವನಿಗೆ ಓದಿ ಹೇಳಿ, ಅವನ ಸಹಿ ಹಾಕಿಸಬೇಕು. ವಿಚಾರಣೆಗೆ ಅವರಿಗೆ 30 ದಿನ. ಒಪ್ಪಿಕೊಂಡು ಮದುವೆ ತಡೆದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ, ಅದಕ್ಕೊಂದು 30 ದಿನ. ಆಕ್ಷೇಪಣೆ ಗೆಲ್ಲಲೇಬೇಕೆಂದಿಲ್ಲ, ಎಳೆದರೆ ಸಾಕು. ಅಷ್ಟರಲ್ಲಿ ಹುಡುಗಿಯನ್ನು ಯಾವುದೋ ಅತ್ತೆ ಮನೆಗೆ ಸಾಗಿಸಿ, ಫೋನ್ ಕಿತ್ತುಕೊಂಡು, ಇನ್ನೊಂದು ಕಡೆ ಗಂಡು ನೋಡುವ ಶಾಸ್ತ್ರವೂ ಮುಗಿದಿರುತ್ತದೆ. ಅಧಿಕಾರಿ ಆಕ್ಷೇಪಣೆ ತಳ್ಳಿಹಾಕುವ ದಿನ ಮದುವೆಯಾಗಲು ಹುಡುಗ ಒಬ್ಬನೇ ಬಂದು ನಿಂತಿರುತ್ತಾನೆ.

ದುರುದ್ದೇಶದಿಂದ ಆಕ್ಷೇಪಿಸಿದವನಿಗೆ ಶಿಕ್ಷೆ ಇಲ್ಲವೇ? ಉಂಟು. 9ನೇ ಸೆಕ್ಷನ್. ಗರಿಷ್ಠ 1000 ರೂಪಾಯಿ. 1954ರಲ್ಲಿ ಅದು ಬೆವರಿಳಿಸುವ ಮೊತ್ತ. ಈಗ ಆ ದುಡ್ಡಿಗೆ ಅರ್ಧ ಮೂಟೆ ರೋಬಸ್ಟಾ ಕಾಫಿ ಚೆರಿಯೂ ಬರದು. ಇಬ್ಬರ ಬದುಕನ್ನು ತಿಂಗಳುಗಟ್ಟಲೆ ಅಲ್ಲಾಡಿಸುವ ಹವ್ಯಾಸ ಇಷ್ಟು ಅಗ್ಗವಾಗಿ ಬೇರೆಲ್ಲೂ ಸಿಗುವುದಿಲ್ಲ.

ಈ ರಗಳೆಯೇ ಬೇಡ, ಒಬ್ಬರು ಇನ್ನೊಬ್ಬರ ಧರ್ಮಕ್ಕೆ ಸೇರಿಬಿಟ್ಟರೆ ಒಂದೇ ದಿನದಲ್ಲಿ ಮದುವೆ ಮುಗಿಯುತ್ತದಲ್ಲ ಎಂದು ಜಾಣರು ಯೋಚಿಸುತ್ತಾರೆ. ಆ ಜಾಣರಿಗಾಗಿಯೇ 2022ರಲ್ಲಿ ಕರ್ನಾಟಕದಲ್ಲಿ ಒಂದು ಕಾಯ್ದೆ ಬಂತು. ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಜನರ ಬಾಯಲ್ಲಿ ಮತಾಂತರ ನಿಷೇಧ ಕಾಯ್ದೆ. ನಮ್ಮಲ್ಲಿ ಕುಡಿಯುವ ನೀರಿನ ಯೋಜನೆ ಎಂದು ಹೆಸರಿಟ್ಟ ಕಡೆ ನೀರು ಇರುವುದಿಲ್ಲವಲ್ಲ, ಅದೇ ಪದ್ಧತಿಯಲ್ಲಿ ಇಟ್ಟ ಹೆಸರು. ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಜಿಲ್ಲೆಯ ಹಳೆಯ ನಿವಾಸಿಯೊಬ್ಬರ ಅರ್ಜಿಯನ್ನೇ ತೆಗೆದುಕೊಳ್ಳೋಣ. ಅರ್ಜಿದಾರರ ಹೆಸರು ಬಿಟ್ಟಿದೇವ. ಉದ್ಯೋಗ, ರಾಜ. ವಿಳಾಸ, ದೋರಸಮುದ್ರ, ಅಂದರೆ ಈಗಿನ ಹಳೇಬೀಡು, ಬೇಲೂರು ತಾಲೂಕು. ಜೈನರಾಗಿದ್ದವರು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವರಾಗಿ ವಿಷ್ಣುವರ್ಧನ ಎಂದು ಹೆಸರು ಬದಲಿಸಿಕೊಂಡರು ಎಂಬುದು ಪರಂಪರೆಯ ಮಾತು.

ಮೊದಲು ನಮೂನೆ 1. ಮತಾಂತರಕ್ಕೆ ಕನಿಷ್ಠ 30 ದಿನ ಮುಂಚೆ ಜಿಲ್ಲಾಧಿಕಾರಿಗೆ. ವಾಸದ ಜಿಲ್ಲೆಯಲ್ಲಾದರೂ ಕೊಡಬಹುದು, ಹುಟ್ಟಿದ ಜಿಲ್ಲೆಯಲ್ಲಾದರೂ ಕೊಡಬಹುದು ಎನ್ನುತ್ತದೆ ಕಾಯ್ದೆ. ಆದರೆ ಹೊಯ್ಸಳರ ಮೂಲ ಸೊಸೆವೂರು, ಅದು ಈಗ ಮೂಡಿಗೆರೆ ತಾಲೂಕಿನ ಅಂಗಡಿ. ಹಾಸನದ ಕೌಂಟರು 'ನಿಮ್ಮದು ಚಿಕ್ಕಮಗಳೂರು ಜಿಲ್ಲೆ ಸ್ವಾಮಿ, ಅಲ್ಲಿಗೆ ಹೋಗಿ' ಎನ್ನುತ್ತದೆ, ಚಿಕ್ಕಮಗಳೂರಿನ ಕೌಂಟರು 'ರಾಜಧಾನಿ ಹಾಸನದಲ್ಲಿಟ್ಟುಕೊಂಡು ಇಲ್ಲಿಗ್ಯಾಕೆ ಬಂದ್ರಿ?' ಎನ್ನುತ್ತದೆ. ರಾಜರು ಎರಡು ಸಲ ಬೇಲೂರು ಮಾರ್ಗವಾಗಿ ಓಡಾಡಿದ ಮೇಲೆ ಹಾಸನದಲ್ಲೇ ಸೀಲು ಬೀಳುತ್ತದೆ. ಅತ್ತ ಮೇಲುಕೋಟೆ ಕಡೆಯಿದ್ದ ರಾಮಾನುಜಾಚಾರ್ಯರು ಪ್ರತ್ಯೇಕವಾಗಿ ನಮೂನೆ 2 ಕೊಡಬೇಕು, ಮತಾಂತರ ಮಾಡಿಸುವವರದು ಅದು, ಅದಕ್ಕೂ 30 ದಿನ.

ಆಮೇಲೆ ಜಿಲ್ಲಾಧಿಕಾರಿ ಕಚೇರಿಯ ಬೋರ್ಡಿನಲ್ಲಿ, ಬೇಲೂರು ತಹಶೀಲ್ದಾರ್ ಕಚೇರಿಯಲ್ಲಿ ನೋಟಿಸ್. ಆಕ್ಷೇಪಣೆ ಬಂದರೆ ಕಂದಾಯ ಇಲಾಖೆಯವರೋ ಸಮಾಜ ಕಲ್ಯಾಣ ಇಲಾಖೆಯವರೋ ಮತಾಂತರದ ನಿಜವಾದ ಉದ್ದೇಶ ಮತ್ತು ಕಾರಣದ ವಿಚಾರಣೆ ಮಾಡಬೇಕು. 1117ರ ಬೇಲೂರು ದೇವಾಲಯ ತಲಕಾಡಿನ ಗೆಲುವಿಗೋ ಮತಾಂತರದ ನೆನಪಿಗೋ ಎಂದು ವಿದ್ವಾಂಸರು ಇಂದಿಗೂ ಜಗಳ ಬಿಟ್ಟಿಲ್ಲ. ಕಂದಾಯ ನಿರೀಕ್ಷಕರು ಸ್ಥಳ ಮಹಜರು ಮಾಡಿ, ಪಂಚರ ಸಹಿ ಹಾಕಿಸಿ, ಅದನ್ನು ಒಂದೂವರೆ ಪುಟದಲ್ಲಿ ಇತ್ಯರ್ಥ ಮಾಡುತ್ತಾರೆ.

ಇನ್ನು ಆಮಿಷ. ಕಾಯ್ದೆಯಲ್ಲಿ ಇದರ ವ್ಯಾಖ್ಯಾನ ಹಲಸಿನ ಮರದಂತೆ, ಎಲ್ಲಿ ನೋಡಿದರೂ ಕಾಯಿ. ಕೊಡುಗೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ದೈವದ ಅವಕೃಪೆಯ ಮಾತು, ಒಂದು ಧರ್ಮವನ್ನು ಇನ್ನೊಂದಕ್ಕಿಂತ ಹೆಚ್ಚು ಎಂದು ಹೊಗಳುವುದು. ರಾಜಕುಮಾರಿಗೆ ಹಿಡಿದಿದ್ದ ಗ್ರಹವನ್ನು ಆಚಾರ್ಯರು ಬಿಡಿಸಿದರು ಎಂಬ ಕಥೆ ಇದೆಯಲ್ಲ, ಅಲ್ಲಿಗೆ ಆಚಾರ್ಯರು ಸಿಕ್ಕಿಬಿದ್ದರು. ತಾವು ಆಮಿಷ ಒಡ್ಡಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪ ಹೊತ್ತವರದ್ದೇ. ಜಾಮೀನು ಸುಲಭವಿಲ್ಲ. ತಮ್ಮ ಧರ್ಮ ಇನ್ನೊಂದಕ್ಕಿಂತ ಮೇಲು ಎಂದು ಒಮ್ಮೆಯೂ ಹೇಳದೆ ಯಾವ ಆಚಾರ್ಯರು, ಯಾವ ಪಾದ್ರಿ, ಯಾವ ಮೌಲ್ವಿ ಪ್ರವಚನ ಮುಗಿಸಿದ್ದಾರೋ ಕಾಣೆ.

ದೂರು ಕೊಡುವವರ ಪಟ್ಟಿಯೂ ಧಾರಾಳ. ತಂದೆ, ತಾಯಿ, ಅಣ್ಣ ತಮ್ಮಂದಿರು, ರಕ್ತಸಂಬಂಧಿಗಳು, ಮದುವೆಯಿಂದ ಬಂದ ನೆಂಟರು, ಕೊನೆಗೆ ಸಹೋದ್ಯೋಗಿ. ಬಿಟ್ಟಿದೇವನ ಸಹೋದ್ಯೋಗಿ ದಂಡನಾಯಕ ಗಂಗರಾಜ ಅಪ್ಪಟ ಜೈನ. ಪಟ್ಟದರಸಿ ಶಾಂತಲೆಯೂ ಜೈನಳಾಗಿಯೇ ಉಳಿದವಳು. ಇಬ್ಬರಿಗೂ ಠಾಣೆಗೆ ಹೋಗುವ ಹಕ್ಕಿತ್ತು. ಗಂಗರಾಜ ರಾಜನ ಸೈನ್ಯ ನಡೆಸುತ್ತಾ ಬಸದಿ ಕಟ್ಟಿಸುವುದರಲ್ಲಿ ಮುಳುಗಿದ್ದ, ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಇಬ್ಬರಿಗೂ ದೂರು ಕೊಡಲು ಪುರುಸೊತ್ತು ಸಿಗಲಿಲ್ಲ ಎಂದು ಕಾಣುತ್ತದೆ. ಆಗ ವಾಟ್ಸಾಪ್ ಗ್ರೂಪೂ ಇರಲಿಲ್ಲ ನೋಡಿ.

ಇಷ್ಟಾದರೂ ಮುಗಿಯದು. ಮತಾಂತರವಾಗಿ 30 ದಿನದೊಳಗೆ ನಮೂನೆ 3, ಮತ್ತೆ ಬೋರ್ಡು, ಅದು ಕೊಟ್ಟ 21 ದಿನದೊಳಗೆ ಖುದ್ದು ಜಿಲ್ಲಾಧಿಕಾರಿ ಮುಂದೆ ನಿಂತು ಹೌದು ನಾನೇ ಎನ್ನಬೇಕು. ಬೇಸತ್ತು ಹಳೆಯ ಧರ್ಮಕ್ಕೇ ಮರಳುತ್ತೇನೆ ಎಂದರೆ? ಅದಕ್ಕೆ ನಮೂನೆ ಬೇಡ! ಬಿಟ್ಟ ಧರ್ಮಕ್ಕೆ ವಾಪಸ್ ಹೋಗುವುದು ಮತಾಂತರವೇ ಅಲ್ಲ ಎನ್ನುತ್ತದೆ ಕಾಯ್ದೆ. ಹೋಗುವಾಗ ಟೋಲು, ಬರುವಾಗ ಫ್ರೀ.

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆ ಹಿಂಪಡೆಯಲು ತೀರ್ಮಾನಿಸಿತು. ಪತ್ರಿಕೆಯಲ್ಲಿ ಅದನ್ನು ಓದಿ ಯಾರೂ ನಮೂನೆ ಹರಿದುಹಾಕಬಾರದು. ಸಂಪುಟದ ತೀರ್ಮಾನದಿಂದ ಕಾಯ್ದೆ ಸಾಯುವುದಿಲ್ಲ, ಎರಡೂ ಸದನ ಒಪ್ಪಿ ಗೆಜೆಟ್ ಆಗಬೇಕು. ಗೆಜೆಟ್ ಕೈಗೆ ಬಂದ ಮೇಲೆ ಹರಿಯಿರಿ.

ನ್ಯಾಯಾಲಯಗಳು ಸುಮ್ಮನಿಲ್ಲ. ಹಿಮಾಚಲ ಪ್ರದೇಶದ ಹೈಕೋರ್ಟ್ 2012ರಲ್ಲೇ ಅಲ್ಲಿನ ಕಾಯ್ದೆಯ 30 ದಿನದ ನೋಟಿಸನ್ನು ಕಿತ್ತುಹಾಕಿತು. ನಂಬಿಕೆ ಬದಲಿಸುವ ಹಕ್ಕಿನ ಜೊತೆಗೆ ನಂಬಿಕೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕೂ ಇದೆ ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಷ್ಟದವರನ್ನು ಮದುವೆಯಾಗುವುದು ವಯಸ್ಕರ ಮೂಲಭೂತ ಹಕ್ಕು ಎಂದು ಕರ್ನಾಟಕ ಹೈಕೋರ್ಟೂ 2020ರಲ್ಲಿ ಹೇಳಿತು. ವಿಶೇಷ ವಿವಾಹದ ನೋಟಿಸ್ ಪ್ರಕಟಿಸುವುದು ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಹೇಳಿತು, ಆದರೆ ಅಲಹಾಬಾದಿನ ತೀರ್ಪು ಹಾಸನದ ಕೌಂಟರು ತಲುಪುವಷ್ಟರಲ್ಲಿ ಟಪಾಲು ಸುಸ್ತಾಗಿರುತ್ತದೆ. ನೆರೆಯ ಕೇರಳ 2020ರಲ್ಲಿ ಇಂಥ ನೋಟಿಸುಗಳನ್ನು ಜಾಲತಾಣಕ್ಕೆ ಹಾಕುವುದನ್ನು ನಿಲ್ಲಿಸಿತು, ಕಚೇರಿಯ ಬೋರ್ಡಿಗೆ ಮಾತ್ರ ಹಾಕಿ ಎಂದಿತು. ಬೋರ್ಡಿನ ಫೋಟೊ ತೆಗೆಯಲು ಮೊಬೈಲಿದೆ ಎಂಬುದು ಬೇರೆ ಮಾತು.

ಹಾಗಾಗಿ ನಾಗರಿಕ ಹಕ್ಕುಗಳ ವಕೀಲರು ಜೋಡಿಗಳಿಗೆ ಹೇಳುವುದು ತೀರ್ಪುಗಳನ್ನಲ್ಲ, ಚಿಲ್ಲರೆ ಉಪಾಯಗಳನ್ನು. ನೋಟಿಸ್ ಕೊಟ್ಟ ದಿನವೇ ದಿನಾಂಕವಿರುವ ಸ್ವೀಕೃತಿ ಪಡೆಯಿರಿ, ಅದು ಬೋರ್ಡಿಗೆ ಬಿದ್ದ ದಿನವನ್ನೂ ಬರೆದಿಟ್ಟುಕೊಳ್ಳಿ, ಆಕ್ಷೇಪಣೆಯ 30 ದಿನದ ಎಣಿಕೆ ಶುರುವಾಗುವುದು ಅಲ್ಲಿಂದ. ಆಕ್ಷೇಪಣೆ ಬಂದಿದೆ ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಸಹಿ ಇರುವ ಪ್ರತಿ ಕೇಳಿ, ಅದು 4ನೇ ಸೆಕ್ಷನ್ನಿನ ಯಾವ ಕಾರಣ ಎಂದು ಲಿಖಿತವಾಗಿ ಕೇಳಿ. ಸಹಿ ಎಂದ ಕೂಡಲೇ ಅರ್ಧ ಆಕ್ಷೇಪಣೆಗಳು ಟೀ ಅಂಗಡಿಗೆ ವಾಪಸ್ ಹೋಗುತ್ತವೆ. ಬೆದರಿಕೆ ಬಂದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅರ್ಜಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, ಸಹಾಯವಾಣಿ, ಸುರಕ್ಷಿತ ವಸತಿ ಇರಬೇಕೆಂದು 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮನೆ ಎಲ್ಲಿದೆ ಎಂದು ಕೇಳಿ. ಕೇಳಿದ್ದಕ್ಕೂ ಸ್ವೀಕೃತಿ ಪಡೆಯಿರಿ. ಮುಖ್ಯವಾಗಿ ಮೂರು ತಿಂಗಳ ಗಡಿ ಮರೆಯಬೇಡಿ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ, ಮೇಲ್ಮನವಿ ಇಲ್ಲದ ಪಕ್ಷದಲ್ಲಿ, ಆ ನೋಟಿಸ್ ಸತ್ತಂತೆ. ಆಷಾಢ ಕಳೆಯಲಿ ಎಂದು ಕಾದು ಕೂತವರು ಶ್ರಾವಣದಲ್ಲಿ ಮತ್ತೆ ಮೊದಲಿಂದ ಗೋಡೆಗೆ ಅಂಟಬೇಕಾಗುತ್ತದೆ.

ಇದಕ್ಕಿಂತ ಚೊಕ್ಕ ವ್ಯವಸ್ಥೆ ಹಾಸನದಲ್ಲೇ ಇದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಜನ ಹುಂಡಿಗೆ ಕಾಣಿಕೆಯ ಜೊತೆ ಪತ್ರಗಳನ್ನೂ ಹಾಕುತ್ತಾರೆ. ಮೆಚ್ಚಿದವರ ಜೊತೆಯೇ ಮದುವೆ ಮಾಡಿಸು ತಾಯಿ ಎನ್ನುವವೂ ಅದರಲ್ಲಿರುತ್ತವೆ. ನಮೂನೆ ಇಲ್ಲ, ಮೂವರು ಸಾಕ್ಷಿ ಬೇಡ, ಆಕ್ಷೇಪಣೆಗೆ ಅವಧಿ ಇಟ್ಟಿಲ್ಲ. ಎಣಿಕೆಯ ದಿನ ಹುಂಡಿ ಸುರಿದಾಗ ಅವೂ ಟಿವಿಯವರ ಕೈಗೆ ಸಿಕ್ಕಿ ಊರೆಲ್ಲ ಓದುತ್ತದೆ ಎಂಬುದು ನಿಜ. ಆದರೆ ಹೆಸರು ಬರೆಯಲೇಬೇಕೆಂಬ ನಿಯಮ ಆ ತಾಯಿಯದ್ದಲ್ಲ.