ಜ್ವಾಲಾಮುಖಿಯ ಮೇಲೆ ಕೂತು ಎಣ್ಣೆ ಹಡಗಿಗೆ ಕಾಯುವವರು

ಹವಾಯಿ ದ್ವೀಪಗಳಲ್ಲಿ ಬಿಸಿಲಿದೆ. ಗಾಳಿಯಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಸಮುದ್ರವಿದೆ. ಸಾಲದು ಅಂತ ನೆಲದಡಿಯಲ್ಲಿ ಕುದಿಯುವ ಜ್ವಾಲಾಮುಖಿಯೂ ಇದೆ. ಇಲ್ಲದಿರುವುದು ಕಚ್ಚಾ ತೈಲ ಒಂದೇ. ಹಾಗಾಗಿ ಕರೆಂಟು ತಯಾರಿಸಲು ಅದನ್ನೇ ಆರಿಸಿಕೊಂಡರು.

ಎಣ್ಣೆ ಬೇಕೇ ಬೇಕು ಅಂದರೆ ಅಮೆರಿಕದ ಟೆಕ್ಸಾಸ್‌ನಲ್ಲೇ ಬೇಕಾದಷ್ಟಿದೆ, ಒಂದೇ ದೇಶ ಅಲ್ವಾ? ಅಷ್ಟು ಸುಲಭವಿಲ್ಲ. 1920ರ ಜೋನ್ಸ್ ಕಾಯ್ದೆ ಇದೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕದವರದ್ದೇ ಆಗಿರಬೇಕು, ನಡೆಸುವವರೂ ಹೆಚ್ಚಾಗಿ ಅವರೇ ಇರಬೇಕು. ಅಂಥ ಹಡಗುಗಳು ಕಡಿಮೆ, ಬಾಡಿಗೆ ಜಾಸ್ತಿ. ಹಾಗಾಗಿ ಲಿಬಿಯಾದಿಂದ, ಅರ್ಜೆಂಟೀನಾದಿಂದ ತರಿಸುವುದೇ ವಾಸಿ ಎನಿಸುತ್ತದೆ. 2022ರವರೆಗೆ ರಷ್ಯಾದ ಎಣ್ಣೆಯೂ ಬರುತ್ತಿತ್ತು. ಯುಕ್ರೇನ್ ಯುದ್ಧ ಶುರುವಾದ ಮೇಲೆ ಅದು ನಿಂತಿತು. ಸ್ವದೇಶಿ ಹಡಗನ್ನು ಕಾಪಾಡಲು ಮಾಡಿದ ಕಾಯ್ದೆ ವಿದೇಶಿ ಎಣ್ಣೆಯನ್ನು ಇಷ್ಟು ನಿಷ್ಠೆಯಿಂದ ಪೋಷಿಸಿದೆ.

ಸರ್ಕಾರ ಸುಮ್ನೆ ಕೂತಿಲ್ಲ. 2045ರೊಳಗೆ ಶೇ. 100 ನವೀಕರಿಸಬಹುದಾದ ಕರೆಂಟು ಅಂತ 2015ರ ಜೂನ್‌ನಲ್ಲಿ ಕಾನೂನೇ ಮಾಡಿತು. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಇದು. ಗಡುವು ಮೂವತ್ತು ವರ್ಷ. ಸಹಿ ಹಾಕಿದ ಯಾರೂ ಆ ದಿನ ಉತ್ತರ ಹೇಳಲು ಕುರ್ಚಿಯಲ್ಲಿ ಇರುವುದಿಲ್ಲ. ದೊಡ್ಡ ಗುರಿಗೆ ಇಷ್ಟಾದರೂ ದೂರ ಬೇಡವೇ?

ಈ ಕಾನೂನಿನ ನಿಜವಾದ ಸೊಗಸು ಅದರ ಲೆಕ್ಕದಲ್ಲಿತ್ತು. ನವೀಕರಿಸಬಹುದಾದ ಕರೆಂಟನ್ನು ಅಳೆದದ್ದು ಒಟ್ಟು ಉತ್ಪಾದನೆಯ ಎದುರಿಗಲ್ಲ, ವಿದ್ಯುತ್ ಕಂಪನಿ ಮಾರಿದ ಕರೆಂಟಿನ ಎದುರಿಗೆ. ಜನ ತಮ್ಮ ಮನೆ ಮೇಲಿನ ಸೋಲಾರ್‌ನಿಂದ ಮಾಡಿ ತಾವೇ ಬಳಸಿದ ಕರೆಂಟು ಭಾಗಾಕಾರದ ಮೇಲ್ಗಡೆ ಸೇರುತ್ತಿತ್ತು. ಅದು ಮಾರಿದ್ದಲ್ಲವಾದ್ದರಿಂದ ಕೆಳಗಡೆ ಸೇರುತ್ತಿರಲಿಲ್ಲ. ಅಂದರೆ ಜನ ಸ್ವಂತ ದುಡ್ಡಿನಲ್ಲಿ ಪ್ಯಾನೆಲ್ ಹಾಕಿಸಿದಷ್ಟೂ ಕಂಪನಿಯ ಶೇಕಡಾವಾರು ಉಬ್ಬುತ್ತಿತ್ತು. ಒಂದು ಕಡೆ ಬಾಯ್ಲರ್‌ನಲ್ಲಿ ಎಣ್ಣೆ ಉರಿಯುತ್ತಿರುವಾಗಲೇ ಇನ್ನೊಂದು ಕಡೆ ಕಾಗದದ ಮೇಲೆ ನೂರು ತಲುಪಬಹುದಿತ್ತು. ನೂರನ್ನು ದಾಟಲೂ ಅಡ್ಡಿಯಿರಲಿಲ್ಲ. ಈ ಲೆಕ್ಕವನ್ನು ತಿದ್ದಿದ್ದು 2022ರಲ್ಲಿ. ಏಳು ವರ್ಷ ಯಾರಿಗೂ ಅವಸರವಿರಲಿಲ್ಲ.

ಹಾಗಂತ ಮನೆಯವರನ್ನು ಮುದ್ದು ಮಾಡಿದರು ಅಂದುಕೊಳ್ಳಬೇಡಿ. 2013ರಲ್ಲೇ ಕಂಪನಿ ಹೊಸ ನಿಯಮ ತಂದಿತ್ತು. ನಿಮ್ಮ ಬೀದಿಯ ಲೈನಿನಲ್ಲಿ ಸೋಲಾರ್ ಈಗಾಗಲೇ ಜಾಸ್ತಿಯಾಗಿದೆ, ಮೊದಲು ಅನುಮತಿ ಪಡೆಯಿರಿ ಅಂತ. ಎಷ್ಟೋ ಜನ ಸಾಲ ಮಾಡಿ ಪ್ಯಾನೆಲ್ ಹಾಕಿಸಿ, ಸ್ವಿಚ್ ಒತ್ತುವ ಹಾಗಿಲ್ಲದೆ ಕಾದರು. ಲೈನಿನ ವೋಲ್ಟೇಜ್ ಸಮಸ್ಯೆ ಸುಳ್ಳೇನಲ್ಲ, ಎಂಜಿನಿಯರುಗಳ ಆತಂಕಕ್ಕೆ ಕಾರಣವಿತ್ತು. ಆದರೆ ಮುಹೂರ್ತ ನೋಡಿ. 2015ರ ಜೂನ್‌ನಲ್ಲಿ ಶೇ. 100ರ ಕಾನೂನಿಗೆ ಸಹಿ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೆಚ್ಚಾದ ಸೋಲಾರ್ ಕರೆಂಟನ್ನು ಪೂರ್ತಿ ದರಕ್ಕೆ ವಾಪಸ್ ಪಡೆಯುವ ನೆಟ್ ಮೀಟರಿಂಗ್ ಹೊಸಬರಿಗೆ ಬಂದ್.

ಆಮೇಲೆ ಕಲ್ಲಿದ್ದಲಿನ ಕಥೆ. ಒವಾಹು ದ್ವೀಪದಲ್ಲಿದ್ದ 180 ಮೆಗಾವಾಟಿನ ಸ್ಥಾವರ 2022ರ ಸೆಪ್ಟೆಂಬರ್ 1ರಂದು ಮುಚ್ಚಿತು. ಒಳ್ಳೇದೇ. ಆದರೆ ಅದರ ಜಾಗಕ್ಕೆ ಬರಬೇಕಿದ್ದ ಸೋಲಾರ್ ಯೋಜನೆಗಳು ತಡವಾದವು. ಖಾಲಿ ಜಾಗ ತುಂಬಲು ಯಾರನ್ನು ಕರೆದರು? ಎಣ್ಣೆಯನ್ನೇ. 185 ಮೆಗಾವಾಟಿನ ದೊಡ್ಡ ಬ್ಯಾಟರಿಯೊಂದು ಬರಲಿತ್ತು, ಆದರೆ ಶುರುವಿಗೆ ಅದಕ್ಕೆ ಚಾರ್ಜ್ ಮಾಡುವುದೂ ಬಹುಪಾಲು ಎಣ್ಣೆ ಕರೆಂಟೇ ಎಂಬ ಆತಂಕವಿತ್ತು. ಇದು ಸಿಗರೇಟು ಬಿಟ್ಟು ಕೊಕೇನ್ ಹಿಡಿದಂತಾಗುತ್ತದೆ ಎಂಬರ್ಥದ ಮಾತನ್ನು 2021ರಲ್ಲಿ ಆಡಿದವರು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಅಧ್ಯಕ್ಷರೇ. ಇಂಥ ಅಧ್ಯಕ್ಷರಿದ್ದರೆ ವಿಡಂಬನೆ ಬರೆಯುವವರಿಗೆ ಏನು ಕೆಲಸ?

ಜ್ವಾಲಾಮುಖಿಯ ವಿಷಯಕ್ಕೆ ಬರೋಣ. ಹವಾಯಿಯ ರಾಜ ಕಲಾಕೌವಾ 1881ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡಿಸನ್‌ನನ್ನು ಭೇಟಿಯಾದಾಗಲೇ ಜ್ವಾಲಾಮುಖಿಯಿಂದ ಕರೆಂಟು ತೆಗೆಯುವ ಮಾತು ಬಂದಿತ್ತು. ಈಗ ದೊಡ್ಡ ದ್ವೀಪದಲ್ಲಿ ಅಂಥ ಒಂದು ಸ್ಥಾವರವಿದೆ, ಶುರುವಾದದ್ದು 1993ರಲ್ಲಿ. ರಾಜನ ಮಾತಿನಿಂದ ಬರೀ 112 ವರ್ಷ. 2018ರಲ್ಲಿ ಕಿಲಾವೇಯಾ ಸ್ಫೋಟಿಸಿ ಲಾವಾ ಸ್ಥಾವರದ ಅಂಗಳಕ್ಕೇ ಬಂತು. ಶಾಖ ಕೇಳಿದ್ದು ನಿಜ, ಮನೆ ಬಾಗಿಲಿಗೆ ತಂದುಕೊಡಿ ಅಂದಿರಲಿಲ್ಲ. ಮತ್ತೆ ಶುರುವಾಗಲು 2020ರ ನವೆಂಬರ್ ಬಂತು. ಇನ್ನೊಂದು ತಮಾಷೆ ಏನೆಂದರೆ ಶಾಖ ಇರುವುದು ದೊಡ್ಡ ದ್ವೀಪದಲ್ಲಿ, ಬಹುಪಾಲು ಜನ ಇರುವುದು ಒವಾಹುವಿನಲ್ಲಿ. ನಡುವೆ ಸಮುದ್ರದಡಿ ಕೇಬಲ್ ಇಲ್ಲ.

ಕವಾಯಿ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿನ ವಿದ್ಯುತ್ ಸಂಸ್ಥೆ ಗ್ರಾಹಕರದೇ ಸಹಕಾರ ಸಂಘ. ಸೋಲಾರ್, ಬ್ಯಾಟರಿ, ಜಲವಿದ್ಯುತ್ ಸೇರಿಸಿ ಕೆಲವು ದಿನ ಹಗಲಿನ ಗಂಟೆಗಟ್ಟಲೆ ಎಣ್ಣೆಯಿಲ್ಲದೆ ನಡೆಸುತ್ತಾರೆ. ಅವರ ಬಗ್ಗೆ ಜಾಸ್ತಿ ಬರೆಯುವಂತಿಲ್ಲ. ನಗಲು ಅವರು ಏನೂ ಒದಗಿಸಿಲ್ಲ.

ಈಗ 2025ರ ಹೊಸ ಉಪಾಯ. ಆಮದು ಎಣ್ಣೆಯ ಹಂಗು ಬಿಡಿಸಲು ಒವಾಹುವಿಗೆ ಆಮದು ಗ್ಯಾಸ್ ತರುವುದು! 2045ಕ್ಕೆ ದಾಟಿಸುವ ಸೇತುವೆಯಂತೆ ಅದು. ಬಂದರಿನ ವ್ಯವಸ್ಥೆ, ಪೈಪು, ಹೊಸ ಟರ್ಬೈನು ಎಲ್ಲ ಆಗಬೇಕು, ಆ ಖರ್ಚು ತೀರುವಷ್ಟು ಕಾಲ ಗ್ಯಾಸ್ ಉರಿಸಬೇಕು, ಆಮೇಲೆ ಗಡುವಿನ ದಿನ ನಿಲ್ಲಿಸಬೇಕು. ಗ್ಯಾಸ್ ಮುಗಿಯದಿದ್ದರೂ ಚಿಂತೆಯಿಲ್ಲ. ಹಳೇ ಶೇಕಡಾವಾರು ಹಾಕಿದವರು ಇನ್ನೂ ಎಲ್ಲಾದರೂ ಸಿಗುತ್ತಾರೆ.