ಎರಡೇ ನಿಮಿಷ, ಈಗ ಬಂದೆ

ಬೆಳಿಗ್ಗೆ ಮಕ್ಕಳನ್ನು ಪ್ರಾಥಮಿಕ ಶಾಲೆಗೆ ಬಿಡಲು ಬರುವ ಪೋಷಕರು ಕಾಲವನ್ನು ಅಳೆಯಲು ಬಳಸುವ ಮಾನ ಒಂದೇ. ಅದರ ಹೆಸರು ‘ಎರಡೇ ನಿಮಿಷ’. ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದವರೂ, ಎದುರು ಮನೆಯವರು ಹೊರಗೆ ಬರದಂತೆ ಅವರ ಬಾಗಿಲಿಗೇ ಬೀಗ ಜಡಿದ ಹಾಗೆ ನಿಲ್ಲಿಸಿದವರೂ, ಎರಡು ಚಕ್ರಗಳನ್ನು ಫುಟ್‌ಪಾತಿನ ಮೇಲೆ ಹತ್ತಿಸಿ ಕಾರನ್ನು ಒಂದು ಬದಿಗೆ ವಾಲಿಸಿದವರೂ, ಕೇಳಿದರೆ ಹೇಳುವ ಉತ್ತರ ಅದೊಂದೇ. ನಾನೂ ಮೂರು ತಿಂಗಳು ಅದನ್ನೇ ಹೇಳಿಕೊಂಡು ಬಂದವನು. ಒಂದನೇ ತರಗತಿಯಲ್ಲಿರುವ ನನ್ನ ಮಗಳು ಕಾರಿನಿಂದ ಇಳಿಯಲು ನಿಜವಾಗಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ ಎಂಬುದನ್ನು ಗಡಿಯಾರ ನೋಡಿ ಲೆಕ್ಕ ಹಾಕಿದ್ದು ಮಾತ್ರ ಒಂದೇ ದಿನ, ಆ ದಿನ ಲೆಕ್ಕ ಏಳು ನಿಮಿಷಕ್ಕೆ ಬಂದು ನಿಂತಿತು.

ಸೀಟ್ ಬೆಲ್ಟ್ ಬಿಚ್ಚಲು ಒಂದು ನಿಮಿಷ. ಬಿಚ್ಚಿದ ಮೇಲೆ, ಬ್ಯಾಗಿನ ಪಟ್ಟಿಯೂ ಅದರೊಳಗೆ ಸಿಕ್ಕಿಕೊಂಡಿದೆಯೆಂದು ಗೊತ್ತಾಗಲು ಇನ್ನೊಂದು. ದಾರಿಯಲ್ಲಿ ಯಾವಾಗಲೋ ಕಳಚಿಟ್ಟ ಬೂಟು ನನ್ನ ಸೀಟಿನ ಅಡಿಗೆ ಸರಿದಿತ್ತು; ಅದನ್ನು ಎಳೆದು ತೊಡಿಸಿದರೆ ಎಡಗಾಲಿನದು ಬಲಗಾಲಿಗೆ ಹೋಗಿತ್ತು. ಅದನ್ನೂ ಸರಿಪಡಿಸಿ ಇನ್ನೇನು ಇಳಿಸಬೇಕು ಅನ್ನುವಷ್ಟರಲ್ಲಿ ಅವಳು, “ಅಪ್ಪ, ಹಲ್ಲು ಅಲ್ಲಾಡ್ತಿದೆ ನೋಡು” ಎಂದು ಬಾಯಿ ತೆರೆದಳು. ಹಿಂದೆ ನಿಂತ ಹನ್ನೊಂದು ಕಾರುಗಳು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದವು. ಆದರೂ ಮೊದಲ ಬಾರಿ ಅಲ್ಲಾಡುತ್ತಿರುವ ಹಲ್ಲನ್ನು ನೋಡುವುದಿಲ್ಲ ಎನ್ನಲು ಯಾವ ತಂದೆಗೆ ಮನಸ್ಸು ಬರುತ್ತದೆ? ನೋಡಿದೆ. ಬೆರಳಿನಿಂದ ಮುಟ್ಟಿಯೂ ನೋಡಿದೆ.

ನಾನು ಕಾರು ನಿಲ್ಲಿಸುತ್ತಿದ್ದ ಜಾಗ ಜೀಬ್ರಾ ಕ್ರಾಸಿಂಗಿಗೆ ಅಂಟಿಕೊಂಡಿತ್ತು. ಅದು ಯಾವಾಗಲೂ ಖಾಲಿ ಇರುತ್ತಿತ್ತು. ಏಕೆ ಖಾಲಿ ಇರುತ್ತದೆಂದು ಯೋಚಿಸುವ ಬದಲು ಅದನ್ನು ನನ್ನ ಅದೃಷ್ಟವೆಂದು ತಿಳಿದು, ನಾಲ್ಕೂ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸುವ ಕೆಂಪು ತ್ರಿಕೋನದ ಗುಂಡಿಯನ್ನು ಒತ್ತಿಬಿಡುತ್ತಿದ್ದೆ. ಕಾರು ಕೆಟ್ಟು ನಿಂತಾಗ ಹಿಂದಿನವರನ್ನು ಎಚ್ಚರಿಸಲೆಂದು ಇಟ್ಟಿರುವ ಆ ಗುಂಡಿಗೆ, ನಿಂತಿರುವ ಕಾರನ್ನು ಅದೃಶ್ಯಗೊಳಿಸುವ ಶಕ್ತಿಯೂ ಇದೆಯೆಂದು ನನ್ನಂಥವರು ನಂಬಿದ್ದೇವೆ. ನನ್ನಂಥವರು ಹೊಸಬರೇನಲ್ಲ. ರಸ್ತೆ ದಾಟುವವರಿಗಾಗಿ ಬ್ರಿಟನ್ನಿನಲ್ಲಿ ಈ ಕಪ್ಪು-ಬಿಳಿ ಪಟ್ಟೆಗಳನ್ನು ಅಧಿಕೃತವಾಗಿ ಜಾರಿಗೆ ತಂದದ್ದು 1951ರಲ್ಲಿ. ಇಪ್ಪತ್ತು ವರ್ಷಗಳ ನಂತರ, 1971ರಲ್ಲಿ, ಆ ಪಟ್ಟೆಗಳ ಆಚೀಚೆ ಯಾರೂ ವಾಹನ ನಿಲ್ಲಿಸಬಾರದೆಂದು ಅಂಕುಡೊಂಕು ಗೆರೆಗಳನ್ನೂ ಎಳೆಯಬೇಕಾಯಿತು. ನಡುವಿನ ಇಪ್ಪತ್ತು ವರ್ಷ ಅಲ್ಲಿಯ ಪೋಷಕರು ಏನು ಮಾಡುತ್ತಿದ್ದಿರಬೇಕೆಂದು ನಾನು ಸುಲಭವಾಗಿ ಊಹಿಸಬಲ್ಲೆ.

ಮೊದಲ ಶಾಸ್ತಿ ಧ್ವನಿವರ್ಧಕದ ಮೂಲಕ ಆಯಿತು. ಮಗಳನ್ನು ತರಗತಿಯವರೆಗೆ ಬಿಟ್ಟು, ಇನ್ನೊಬ್ಬ ಪೋಷಕರೊಂದಿಗೆ ಹೋಂವರ್ಕಿನ ಹೊರೆಯ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಿದ್ದಾಗ, ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳ ಎದುರಿಗೆ ಮುಖ್ಯೋಪಾಧ್ಯಾಯಿನಿಯವರು ಒಂದು ಕಾರಿನ ನಂಬರನ್ನು ಓದಿದರು. ಮಕ್ಕಳನ್ನು ತುಂಬಿಕೊಂಡು ಬಂದ ಶಾಲೆಯ ವ್ಯಾನು ಆ ಕಾರಿನಿಂದಾಗಿ ತಿರುವಿನಲ್ಲೇ ಸಿಕ್ಕಿಕೊಂಡಿತ್ತಂತೆ. ಎಂಥ ಜನ ಇರುತ್ತಾರಪ್ಪಾ ಎಂದು ನಾನು ತಲೆಯಾಡಿಸಿದೆ. ಎರಡನೇ ಸಲ ಓದಿದಾಗಲೂ ನನಗೆ ಹೊಳೆಯಲಿಲ್ಲ. ಸ್ವಂತ ಕಾರಿನ ನಂಬರನ್ನು ಯಾರು ತಾನೇ ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾರೆ? ಮೂರನೇ ಸಲ ಅವರು, “ಹಿಂದಿನ ಗಾಜಿಗೆ ಕೋತಿಯ ಚಿತ್ರ ಅಂಟಿಸಿರುವ ಕಾರು” ಎಂದರು. ಒಂದನೇ ತರಗತಿಯ ಸಾಲಿಗೆ ಸಾಲೇ ತಿರುಗಿ ನನ್ನ ಮಗಳನ್ನು ನೋಡಿತು. ಆ ಕೋತಿಯನ್ನು ಅಂಟಿಸಿದವಳು ಅವಳೇ. ಸಂಜೆ ಅವಳು ಅಳಲಿಲ್ಲ, ಜಗಳವಾಡಲಿಲ್ಲ. “ಅಪ್ಪ, ನಾಳೆಯಿಂದ ನೀನು ಬರಬೇಡ, ಅಮ್ಮ ಬರಲಿ” ಎಂದಷ್ಟೇ ಹೇಳಿದಳು.

ಇಷ್ಟಾದರೂ ಬುದ್ಧಿ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಜಾಗವನ್ನು ನಾಲ್ಕು ಮಾರು ಆಚೆಗೆ ಬದಲಿಸಿದೆ, ಅಷ್ಟೇ. ಬುದ್ಧಿ ಬಂದದ್ದು ನೀರಿನ ಬಾಟಲಿಯ ಮುಚ್ಚಳದಿಂದ.

ಆ ದಿನ ಮಗಳನ್ನು ಬಿಟ್ಟು ಮರಳಿದವನು, ಅವಳು ಸೀಟಿನಲ್ಲೇ ಮರೆತ ಬಾಟಲಿಯನ್ನು ಕೈಗೆತ್ತಿಕೊಂಡು ಹೊರಟಾಗ ಮುಚ್ಚಳ ಕಳಚಿ ಬಿದ್ದು, ನನ್ನ ಕಾರಿಗೂ ಮುಂದಿನ ಕಾರಿಗೂ ನಡುವಿನ ಸಂದಿಗೆ ಉರುಳಿತು. ಮಂಡಿಯೂರಿ ಅದನ್ನು ಹುಡುಕುತ್ತಾ ತಲೆ ಎತ್ತಿದೆ. ಆರು ವರ್ಷದ ಮಗುವಿನ ಎತ್ತರ ಸುಮಾರು 115 ಸೆಂಟಿಮೀಟರ್. ಮಂಡಿಯೂರಿದ ನನ್ನ ಕಣ್ಣೂ ಹೆಚ್ಚುಕಡಿಮೆ ಆ ಮಟ್ಟದಲ್ಲೇ ಇತ್ತು. ಅಲ್ಲಿಂದ ರಸ್ತೆಯೇ ಕಾಣಲಿಲ್ಲ. ಒಂದು ಕಡೆ ನನ್ನದೇ ಕಾರಿನ ಬಾನೆಟ್ಟು, ಇನ್ನೊಂದು ಕಡೆ ಮುಂದಿನ ಕಾರಿನ ಬೆನ್ನು, ಮೇಲೆ ಒಂದು ಪಟ್ಟಿ ಆಕಾಶ. ಮುಂದಿನವರು ಎಂಜಿನ್ ಆರಿಸದೆ ಕುಳಿತಿದ್ದರಿಂದ ಹೊಗೆ ನೇರವಾಗಿ ನನ್ನ ಮೂಗಿಗೇ ಬಡಿಯುತ್ತಿತ್ತು. ವಾಹನ ಬರುತ್ತಿದೆಯೇ ಎಂದು ನೋಡಬೇಕಾದರೆ ಕುತ್ತಿಗೆಯನ್ನು ಕಾರುಗಳ ಅಂಚಿನಿಂದಾಚೆಗೆ ಚಾಚಬೇಕು. ಅಷ್ಟು ಚಾಚುವ ಹೊತ್ತಿಗೆ ದೇಹದ ಅರ್ಧ ಭಾಗ ರಸ್ತೆಯಲ್ಲೇ ಇರುತ್ತದೆ. ಮುಚ್ಚಳ ಅಲ್ಲಿಯೇ ಬಿದ್ದಿತ್ತು. ಚಾಚಿದೆ.

ಬರುತ್ತಿದ್ದ ಕಾರು ಕಿರ್ರೆಂದು ನಿಂತಿತು. ಆ ಚಾಲಕಿ ಶಾಲೆಯ ರಸ್ತೆಯೆಂದು ಗಂಟೆಗೆ 30 ಕಿಲೋಮೀಟರಿನ ಒಳಗೇ ಬರುತ್ತಿದ್ದರೆಂದು ಕಾಣುತ್ತದೆ. ಆ ವೇಗದಲ್ಲಿ, ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡು ಹಿಡಿದರೂ, ಒಣ ರಸ್ತೆಯಲ್ಲಿ ಕಾರು ಸುಮಾರು 13 ಮೀಟರಿನಲ್ಲಿ ಪೂರ್ತಿ ನಿಲ್ಲುತ್ತದೆ. ಗಂಟೆಗೆ 50ರ ವೇಗದಲ್ಲಿ ಆ ಒಂದು ಸೆಕೆಂಡಿಗೇ ಸುಮಾರು 14 ಮೀಟರ್ ಕಳೆದಿರುತ್ತದೆ. ಎಂದರೆ, ನಿಧಾನದವರು ನಿಂತು ಗಾಜು ಇಳಿಸುವ ಜಾಗವನ್ನು ಅವಸರದವರು ಬ್ರೇಕ್ ತುಳಿಯುವುದಕ್ಕೆ ಮೊದಲೇ ದಾಟಿರುತ್ತಾರೆ. ಅವರು ಗಾಜು ಇಳಿಸಿ, ಮಂಡಿಯೂರಿದ ನನ್ನನ್ನೂ ಕೈಯಲ್ಲಿದ್ದ ಗುಲಾಬಿ ಬಣ್ಣದ ಮುಚ್ಚಳವನ್ನೂ ನೋಡಿ, ಏನೂ ಹೇಳದೆ ಗಾಜು ಏರಿಸಿಕೊಂಡರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನದಿಂದ ಕಾರನ್ನು ಶಾಲೆಯಿಂದ ಸುಮಾರು 400 ಮೀಟರ್ ದೂರದಲ್ಲಿ, ಯಾರ ಗೇಟೂ ಇಲ್ಲದ, ಯಾವ ತಿರುವೂ ಇಲ್ಲದ ಕಡೆ ನಿಲ್ಲಿಸತೊಡಗಿದೆ. ಮಗಳನ್ನು ಫುಟ್‌ಪಾತಿನ ಬದಿಯ ಬಾಗಿಲಿನಿಂದಲೇ ಇಳಿಸುತ್ತೇನೆ. ನಾನು ಇಳಿಯುವಾಗ ಡಚ್ಚರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಉಪಾಯವನ್ನು ಅನುಸರಿಸುತ್ತೇನೆ: ಬಾಗಿಲಿಗೆ ದೂರವಿರುವ ಕೈಯಿಂದ ಬಾಗಿಲು ತೆರೆದರೆ ಭುಜ ತಾನಾಗಿ ತಿರುಗಿ, ಹಿಂದಿನಿಂದ ಬರುವ ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಉಪಾಯವೇನೋ ಒಳ್ಳೆಯದೇ. ಆದರೆ ನನ್ನ ಮೈಕಟ್ಟಿಗೆ ಹಾಗೆ ತಿರುಗಿದಾಗಲೆಲ್ಲ ಮೊಣಕೈ ಹಾರ್ನಿಗೆ ತಗಲಿ, ಸೈಕಲ್ಲಿನವರು ಬಾಗಿಲಿಗಿಂತ ಹಾರ್ನಿಗೇ ಹೆಚ್ಚು ಬೆಚ್ಚುತ್ತಾರೆ. ಈಗ ಅಭ್ಯಾಸವಾಗಿ ವಾರಕ್ಕೊಮ್ಮೆ ಮಾತ್ರ ತಗಲುತ್ತದೆ.

ಆ 400 ಮೀಟರನ್ನು ಮಗಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರೆ ಏಳು ನಿಮಿಷ ಬೇಕು, ಸರಿಯಾಗಿ ಕಾರಿನೊಳಗೆ ಬೂಟು ಹುಡುಕುತ್ತಿದ್ದಷ್ಟೇ ಹೊತ್ತು. ರಿವರ್ಸ್ ಹಾಕಿ, ಕ್ಷಮೆ ಕೇಳಿ, ಮತ್ತೆ ರಿವರ್ಸ್ ಹಾಕಿ ಗೇಟಿನ ಬಳಿಯಿಂದ ಹೊರಬೀಳುತ್ತಿದ್ದ ಹೊತ್ತೆಲ್ಲ ನನಗೆ ಉಳಿತಾಯ.

ಮೊನ್ನೆ ಮಳೆ ಬರುತ್ತಿತ್ತು, ತಡವೂ ಆಗಿತ್ತು. ಒಂದೇ ಒಂದು ದಿನಕ್ಕೆ ಏನಾದೀತು ಎಂದುಕೊಂಡು ಹಳೆಯ ಜಾಗದತ್ತ ಮೆಲ್ಲಗೆ ಕಾರು ತಿರುಗಿಸಿದೆ. ಅಲ್ಲಿ ಆಗಲೇ ಇನ್ನೊಂದು ಕಾರು ನಾಲ್ಕೂ ಕಣ್ಣು ಮಿಟುಕಿಸುತ್ತಾ ನಿಂತಿತ್ತು. ಅದರ ಯಜಮಾನರು ಗಾಜು ಇಳಿಸಿ, “ಎರಡೇ ನಿಮಿಷ ಸಾರ್” ಎಂದರು. ನಾನು ಸುಮ್ಮನೆ ಮುಂದೆ ಹೋದೆ. ಹಿಂದಿನ ಸೀಟಿನಲ್ಲಿದ್ದ ಮಗಳು ಕತ್ತು ಹೊರಳಿಸಿ ಆ ಕಾರನ್ನೇ ನೋಡುತ್ತಾ ಕೇಳಿದಳು: “ಅಪ್ಪ, ಅವರ ಮಗುಗೂ ಹಲ್ಲು ಅಲ್ಲಾಡ್ತಿದ್ಯಾ?”